ಹೆಪ್ಪು

ಬೆಳಗ್ಗೆ ಆರೂವರೆಗೆ ನನ್ನ ಸ್ಕೂಟರು ಹೊಸಮನೆಯ ತಿರುವಿಗೆ ಬಂದರೆ
ನಾಯಿಗಳೂ ಈಗ ಬೊಗಳುವುದಿಲ್ಲ.
"ಕಕ್ಕಸಿನ ಮೇಷ್ಟ್ರು ಬಂದ್ರು" ಎಂದು ಕೂಗುತ್ತಾರೆ ಮಕ್ಕಳು.
ತಪ್ಪೇನಿಲ್ಲ.
ಐಸು ತುಂಬಿದ ಡಬ್ಬಿ, ನೀಲಿ ಮುಚ್ಚಳದ ಸೀಸೆಗಳು,
ಮುಚ್ಚಳದ ಮೇಲೆ ಹೆಸರಿಲ್ಲ, ಬರೀ ಅಂಕಿ.

ನಲವತ್ತೊಂದು ಗುತ್ಯಮ್ಮ.
ನಲವತ್ತೆರಡು ಸೆವ್ರಿನ್ ಬಾಯಿ.
ನಡುವೆ ಗೋಡೆ, ಗೋಡೆಗೆ ನೆಟ್ಟ ಬಾಟಲಿ ಚೂರು,
ಹನ್ನೊಂದು ವರ್ಷದ ಮಾತಿಲ್ಲ ಕತೆಯಿಲ್ಲ.
ನುಗ್ಗೆಮರದ ಕಂಬಳಿಹುಳು ಯಾರ ಕಡೆಯದು
ಅನ್ನುವುದರಿಂದ ಶುರುವಾಯಿತಂತೆ.
ಮರ ಕಡಿದೇ ಎಷ್ಟೋ ಕಾಲವಾಯಿತು.

"ಆಚೆಯವಳೂ ಕೊಟ್ಟಳಾ?"
"ಹೇಳೋ ಹಾಗಿಲ್ಲಮ್ಮ."
"ಅಯ್ಯೋ, ಇದರಲ್ಲೂ ಗುಟ್ಟೇ!"

ಮಾಚೇನಹಳ್ಳಿಯ ಕಂಪನಿಗೆ ಬೇಕಾದದ್ದು ಒಂದು ಪೊಟ್ಟಣ:
ಅಂಬಲಿಯ ಪುಡಿ, ಹೊಟ್ಟೆಗೆ ಹಿತ,
ಒಳಗಿನ ಜೀವ ಆರು ತಿಂಗಳು ಸಾಯಬಾರದು.
ರುಚಿ ನೋಡುವ ಹನ್ನೆರಡು ಜನ ಒಂಬತ್ತಕ್ಕೆ ನಾಲ್ಕು ಕೊಟ್ಟರು.
ಒಬ್ಬ ಬರೆದಿದ್ದ: ಸುಣ್ಣದ ಗೋಡೆ ನೆಕ್ಕಿದ ಹಾಗೆ.
ಏಲಕ್ಕಿ ಹಾಕಿದೆವು. ಮಾವಿನ ವಾಸನೆ ಹಾಕಿದೆವು.
ಹತ್ತೊಂಬತ್ತನೇ ದಿನ ಗಾಜಿನ ತಟ್ಟೆಯಲ್ಲಿ ಎಣಿಸಿದರೆ
ಉಳಿದದ್ದು ಮೂರು ಬಿಳಿ ಚುಕ್ಕೆ.

ನನ್ನದನ್ನೂ ಒಮ್ಮೆ ಕದ್ದು ಪರೀಕ್ಷಿಸಿದ್ದೆ.
ಚಿಕ್ಕಂದಿನಲ್ಲಿ ಕಿವಿ ಸೋರಿ, ವರ್ಷಕ್ಕೆ ಆರು ಸಲ
ಗುಲಾಬಿ ಬಣ್ಣದ ಸಿರಪ್ಪು ಕುಡಿದವನ ಕರುಳು:
ರಜೆಯ ದಿನದ ಶಾಲೆ.
ಗುತ್ಯಮ್ಮನದೋ, ಶನಿವಾರದ ಸಂತೆ.

ಆಮೇಲೆ ಬಂತು ಆ ವರದಿ.
ನಲವತ್ತೊಂದರಲ್ಲಿದ್ದ ತಳಿಯೇ ನಲವತ್ತೆರಡರಲ್ಲೂ,
ಅಕ್ಷರಕ್ಕೆ ಅಕ್ಷರ ಕೂಡುತ್ತದೆ.
ಉಳಿದ ಅರವತ್ತು ಸೀಸೆಗಳಲ್ಲಿ ಎಲ್ಲೂ ಇಲ್ಲ.
ಸೀಸೆ ಅದಲುಬದಲಾಯಿತೇನೋ ಎಂದು ಮತ್ತೆ ಮಾಡಿದೆ.
ಮತ್ತೂ ಒಮ್ಮೆ.

ಪೊಟ್ಟಣ ಕೊಡಲು ಹೋದ ಸಂಜೆ, ಹಿತ್ತಿಲ ಓಣಿಯಲ್ಲಿ
ಸೆವ್ರಿನ್ ಬಾಯಿಯ ಮೊಮ್ಮಗಳು ಜೆನಿಟಾ, ಕೈಯಲ್ಲಿ ಲೋಟ.
ಅರೆತೆರೆದ ಬಾಗಿಲಿಂದ ಹಸಿರು ಬಳೆಯ ಕೈಯೊಂದು
ಎರಡು ಚಮಚೆ ಮೊಸರು ಹಾಕಿತು.
"ಬೇಗ ಹೋಗೇ, ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು."
ಅಂಗೈ ಮುಚ್ಚಿ ಓಡುತ್ತಿದ್ದವಳು ನನ್ನ ಕಂಡು ನಿಂತಳು.
"ಮೇಷ್ಟ್ರೇ, ಇದನ್ನ ಬರ್ಕೋಬೇಡಿ."

ಬರೆದುಕೊಳ್ಳಲಿಲ್ಲ.
ನಮೂನೆಯಲ್ಲಿ 'ಮೂಲ' ಎಂಬ ಕಲಮಿನ ಎದುರು
ಮೊಸರು, ಎಂದಷ್ಟೇ ತುಂಬಿದೆ.
ಯಾರ ಮನೆಯದೆಂದು ಸಾಹೇಬರು ಕೇಳಿದರು.
ಸಹಿ ಹಾಕಿದ್ದೇನಲ್ಲ ಸಾರ್, ಹೇಳುವ ಹಾಗಿಲ್ಲ, ಅಂದೆ.

ಗುತ್ಯಮ್ಮ ಪೊಟ್ಟಣ ಕಲಸಿ ಕುಡಿದಳು,
ತುಟಿ ಒರೆಸಿಕೊಂಡಳು, ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಇದನ್ನ ಹಾಲಿಗೆ ಹಾಕಿದ್ರೆ ಮೊಸರಾಗುತ್ತಾ?"
ಎರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

ಆ ರಾತ್ರಿ ಬಾಡಿಗೆ ಕೋಣೆಯಲ್ಲಿ
ಉಗುರುಬೆಚ್ಚಗಿನ ಹಾಲಿಗೆ ಒಂದು ಚಿಟಿಕೆ ಹಾಕಿ
ಟವೆಲು ಸುತ್ತಿ ಒಲೆಯ ಪಕ್ಕ ಇಟ್ಟೆ.
ಮಧ್ಯೆ ಎರಡು ಸಲ ಎದ್ದು ನೋಡಿದೆ.
ಬೆಳಗಾದರೂ ಹಾಲು ಹಾಲಾಗಿಯೇ ಇತ್ತು.

ಸ್ಕೂಟರು ತೆಗೆಯುವಾಗ ಡಬ್ಬಿಯಲ್ಲಿ,
ನೀಲಿ ಮುಚ್ಚಳಗಳ ನಡುವೆ ಜಾಗ ಮಾಡಿ,
ಒಂದು ಖಾಲಿ ಲೋಟ ಇಟ್ಟುಕೊಂಡೆ.