ಬಾಯಿಗೆ ಬಾರದ ಜೀವ

ಹುತ್ತರಿ ಮುಗಿದ ಸೋಮವಾರ. ಪೊನ್ನಂಪೇಟೆಯ ಪಶು ಆಸ್ಪತ್ರೆ.
ಎರಡು ಹಂದಿ, ಒಂದು ಕುಂಟುವ ಕರು, ಆಮೇಲೆ
ತೋಟದಲ್ಲಿ ಚರಂಡಿ ತೆಗೆಯುವ ತೋಲ
ಉಪ್ಪಿನಕಾಯಿ ಬಾಟಲಿ ಎದೆಗವಚಿ ನಿಂತಿದ್ದ.

ಒಳಗೆ ಅಂಗೈಯಗಲದ ಜೇಡ.
"ಗುದ್ದಲಿ ತಾಗಿತು. ನನ್ನದೇ ಗುದ್ದಲಿ."
ಹೊಟ್ಟೆಯ ಬದಿಗೆ ಸಾಸಿವೆಯಷ್ಟು ಗಾಯ,
ಅದರಿಂದ ತಿಳಿನೀಲಿ ನೀರು.
ಇಪ್ಪತ್ತು ವರ್ಷದಿಂದ ಇಲ್ಲಿ ದನ ಹಿಡಿಯುವವನು ನಾನು,
ನೀಲಿ ರಕ್ತ ಕಂಡದ್ದು ಅಂದೇ.

ಡಾಕ್ಟರ್ ಬೊಳ್ಳಮ್ಮ ನಗಲಿಲ್ಲ.
ಎದುರಂಗಡಿಯಿಂದ ಏಲಕ್ಕಿ ತೂಗುವ ತಕ್ಕಡಿ ತರಿಸಿದರು:
ಎರಡು ಪವನು, ಮೇಲೊಂದು ಗುಲಗಂಜಿ.

ನಾಯಿಯ ಮುಸುಡಿಗೆ ಹಾಕುವ ಮಾಸ್ಕ್ ಹಿಡಿದು ಕೇಳಿದೆ,
"ಇದರ ಮೂಗೆಲ್ಲಿ ಮೇಡಂ?"
"ಮೂಗಿಲ್ಲ ಹಂಸ. ಬಾಯಿಯಿಂದಲೂ ಉಸಿರಿಲ್ಲ.
ಹೊಟ್ಟೆಯಡಿ ನೋಡು, ನಾಲ್ಕು ಸೀಳು,
ಒಳಗೆ ಪುಸ್ತಕದ ಹಾಳೆಯ ಹಾಗೆ ಮಡಿಕೆ ಮಡಿಕೆ."

ಜೀವ ಬಾಯಿಗೆ ಬಂತು ಅನ್ನುತ್ತೇವೆ ನಾವು.
ಇದಕ್ಕೆ ಆ ದಾರಿಯೇ ಇಲ್ಲ.

ಹಾಗಾಗಿ ಇಡೀ ಮೈಗೇ ಮನೆ ಕಟ್ಟಿದೆವು:
ನನ್ನ ಬುತ್ತಿ ಡಬ್ಬಿ, ಮುಚ್ಚಳಕ್ಕೆ ತೂತು, ತೂತಿಗೆ ನಳಿಗೆ,
ಮೂಲೆಯಲ್ಲಿ ಒದ್ದೆ ಹತ್ತಿ.
ಐಸೋಫ್ಲುರೇನ್, ಮೊದಲು ನೂರಕ್ಕೆ ಐದು.
ಕೆಚ್ಚಲು ಹೊಲಿಯುವಾಗಲೂ
ಆ ಕೋಣೆ ಅಷ್ಟು ಸುಮ್ಮನಿದ್ದದ್ದಿಲ್ಲ.

ಎಂಟು ಕಾಲು, ಒಂದೊಂದೇ ಸಡಿಲ.
ಡಬ್ಬಿ ಓರೆ ಮಾಡಿ ಅಂಗಾತ ಕೆಡವಿದರು;
ಮಗುಚಿಕೊಳ್ಳಲಿಲ್ಲ.
"ಸತ್ತಿತಾ?" ತೋಲನ ದನಿ.
"ಸತ್ತರೆ ಕಾಲೆಲ್ಲ ಮುಷ್ಟಿ ಕಟ್ಟುತ್ತವೆ.
ಇದು ಇನ್ನೂ ಬಿಚ್ಚಿದ ಕೈ."

ಕವಚಿ ಮಲಗಿಸಿ ಟಾರ್ಚ್ ಹಿಡಿ ಅಂದರು.
ಹೊಟ್ಟೆಯ ಬೆನ್ನ ಮೇಲೆ, ರೋಮ ಉದುರಿದಲ್ಲಿ,
ತೊಗಲಡಿ ಏನೋ ಮೆಲ್ಲಗೆ ಎದ್ದು ಇಳಿಯಿತು.
ಗುಂಡಿಗೆಯೂ ಅಲ್ಲೇ!
ನಾನು ಜೋರಾಗಿ ಎಣಿಸಿದೆ. ಅವರು
ಸೂಜಿಮೊನೆಯಷ್ಟು ಅಂಟು ಇಟ್ಟರು,
ಉಸಿರಿನ ಸೀಳಿಗೆ ತಾಗದ ಹಾಗೆ.
ಇಪ್ಪತ್ತೆಂಟಕ್ಕೆ ನನ್ನ ಎಣಿಕೆ ತಪ್ಪಿತು. ಯಾರೂ ಬಯ್ಯಲಿಲ್ಲ.

ಆಮೇಲೆ ಬರೀ ಗಾಳಿ. ಬರೀ ಕಾಯುವುದು.
ಹೊರಗೆ ಕುಟ್ಟದ ಬಸ್ಸು ಬಂತು, ಹೋಯಿತು.
ತೋಲನ ಬಸ್ಸು. ಅವನು ಏಳಲಿಲ್ಲ.
ನಲವತ್ತು ನಿಮಿಷಕ್ಕೆ ಹಿಂದಿನ ಎಡಗಾಲೊಂದು
ನೆಲ ಹುಡುಕಿತು.

ರಿಜಿಸ್ಟರಿನಲ್ಲಿ ದನ, ಹಂದಿ, ನಾಯಿ, ಕೋಳಿ,
ಕಟ್ಟಕಡೆಗೆ ಇತರೆ. ಅಲ್ಲಿ ಒಂದು ಎಂದು ಬರೆದೆ.
"ಮಾಲೀಕರ ಹೆಸರು?"
ತೋಲ ತಲೆ ಕೆರೆದ.
"ನನ್ನದಲ್ಲ. ಅದರ ಬಿಲ ಗೊತ್ತು, ಅಷ್ಟೇ."

ಮೂರು ದಿನ ಬಿಡಬೇಡ, ನೀರಿಡು, ಅಂದರು ಡಾಕ್ಟರ್.
ಡಬ್ಬಿ ಅವನ ಮಡಿಲಲ್ಲಿ ಹೋಯಿತು.
ಮಧ್ಯಾಹ್ನ ನಾನು ಅಕ್ಕಿ ರೊಟ್ಟಿಯನ್ನು
ಕಾಗದದ ಮೇಲಿಟ್ಟುಕೊಂಡು ತಿಂದೆ.