ಗುಲಾಬಿ ಪಾವತಿ

ಬೆಟಗೇರಿ ಸಂತಿಯಾಗ ಇಪ್ಪತ್ತೆರಡು ವರ್ಷ
ನಗರಸಭೆಯ ಪಟ್ಟಿ ಎತ್ತಿದಾವ ನಾನು.
ಬಗಲಾಗ ಚರ್ಮದ ಚೀಲ, ಕೈಯಾಗ ಪಾವತಿ ಪುಸ್ತಕ,
ಬುಟ್ಟಿಗೆ ಐದು, ಗಾಡಿಗೆ ಹತ್ತು.
ನನ್ನ ಕಂಡ ಕೂಡ್ಲೇ ಮಂದಿ ಮುಖ ತಿರುವತಿದ್ರು,
ಪಲ್ಲೇದ ಮ್ಯಾಲೆ ನೀರು ಹೊಡಿಯೂದು
ಆವಾಗೇ ನೆನಪಾಗತಿತ್ತು ಅವರಿಗೆ.

ಖಾಸೀಂಬಿ ನದಾಫ ಮುಖ ತಿರುವಿದಾಕಿ ಅಲ್ಲ.
ಹಕ್ಕರಕಿ, ಮೆಂತೆ, ನಾಕು ಕಟ್ಟು ಉಳ್ಳಾಗಡ್ಡಿ ತಪ್ಪಲು,
ಅದರಾಚೆ ತಾನು, ಗ್ವಾಡಿಗೆ ಬೆನ್ನು ಹಚ್ಚಿ.
ಐದು ರೂಪಾಯಿ ಕೊಟ್ಟ ಕೈ ಹಿಂದ ತಗೀತಿರಲಿಲ್ಲ,
ಪಾವತಿ ಬೀಳೂ ಮಟ ಹಂಗ ಹಿಡಿದಿರತಿದ್ಲು.
ಓದಾಕ ಬರತಿರಲಿಲ್ಲ.
ಗುಲಾಬಿ ಬಣ್ಣ ಗೊತ್ತಿತ್ತು.

ಮುಂಜಾನೆ ಐದೂವರಿಗೆ ಅಕಿ ಮುಂದ
ಒಂದು ಬುಲೆಟ್ ಗಾಡಿ ನಿಲ್ಲತಿತ್ತು.
ಅಂವ ಇಳೀತಿರಲಿಲ್ಲ, ಎಂಜಿನ್ ಆರಸತಿರಲಿಲ್ಲ.
ಒಂಬೈನೂರು ಎಣಿಸಿ ಕೊಟ್ಟು
ಸಂಜೀಗೆ ಸಾವಿರ ಒಯ್ಯತಿದ್ದ.
ಬಿಕರಿ ಆದ್ರೂ ಸಾವಿರ, ಬಾಡಿದ್ರೂ ಸಾವಿರ.
ಅದಕ್ಕ ಪಾವತಿ ಇಲ್ಲ, ಸಹಿ ಇಲ್ಲ, ಹಬ್ಬ ಹುಣ್ಣಿವಿ ಇಲ್ಲ.
ಬ್ಯಾಂಕು ಇರಲಿಲ್ಲ ಅನ್ನಂಗಿಲ್ಲ,
ಸಂತಿಯಿಂದ ನೂರು ಹೆಜ್ಜಿ, ಆಮ್ಯಾಲೆ ಮೂರು ಮೆಟ್ಟಲ.
ಆ ಮೂರು ಮೆಟ್ಟಲ ಹತ್ತಾಕ
ಅಕಿಗೆ ಐವತ್ತೊಂದು ವರ್ಷ ಸಾಲಲಿಲ್ಲ.

ಒಂದಿನ ಸಭೆಯಾಗ ಠರಾವು ಆತು.
ಬೀದಿಯಾಗ ಕುಂತವರ ಪಟ್ಟಿ ಬರೀಬೇಕು
(ಈ ಪಟ್ಟಿ ಬ್ಯಾರೆ, ಎತ್ತೂದಲ್ಲ),
ನಗರಸಭೆ ಚೀಟಿ ಕೊಡಬೇಕು,
ಚೀಟಿಗೆ ಬ್ಯಾಂಕು ಹತ್ತು ಸಾವಿರ ಕೊಡಬೇಕು,
ಮ್ಯಾನೇಜರು ಶನಿವಾರ ಮೆಟ್ಟಲ ಇಳಿದು
ನಮ್ಮ ಅಂಗಳದಾಗ ಟೇಬಲ್ ಹಾಕಬೇಕು.
"ಗಟಾರದ ಬಿಲ್ಲು ಆಮ್ಯಾಲೆ ಓದ್ರಿ"
ಅಂತ ಹಟ ಹಿಡಿದಾಕಿ ಸುಶೀಲವ್ವ ಹೊಂಬಳ,
ಅದಕ್ಕೂ ಮೊದಲು ಸಭೆಯಾಗ ಆಕಿ ಬಾಯಿ ತಗದದ್ದು
ನಾನಂತೂ ಕೇಳಿಲ್ಲ.

ಹೆಸರು ಬರಕೊಳ್ಳೂ ದಿನ ಖಾಸೀಂಬಿ ಮುಂಡರಗಿಯಾಗಿದ್ಲು,
ಮಗಳ ಹೆರಿಗಿ.
ಪಟ್ಟಿಯಾಗ ಅಕಿ ಇಲ್ಲ.

ಶನಿವಾರ ಬಂದು, ಸೆರಗಿನ ಗಂಟು ಬಿಚ್ಚಿದಂಗ ಸಾವಕಾಶ
ಒಂದು ಗೋಣಿ ಬಿಚ್ಚಿದ್ಲು.
ಅರಿವಿ ಹೋದ ಕೊಡಿಯ ಎಂಟು ಕಡ್ಡಿ,
ಎಂಟಕ್ಕೂ ಚುಚ್ಚಿದ್ದು ಗುಲಾಬಿ ಪಾವತಿ,
ಹನ್ನೊಂದು ವರ್ಷದ್ದು,
ಬುಡಕ್ಕ ಬಿಳಿಚಿ, ತುದಿಗೆ ಇನ್ನೂ ಕೆಂಪಗ.
"ಇಲ್ಲೇ ಕುಂತೀನಿ ಅನ್ನಾಕ ಇವರ ಸಹಿ ಅದಾವ್ರಿ"
ಅಂತ ನನ್ನ ಕಡೆ ಬೊಟ್ಟು ಮಾಡಿದ್ಲು.

ಮ್ಯಾನೇಜರು ಪರಊರಿನ ಮನುಷ್ಯ, ಶಾಂತ ಸ್ವಭಾವ.
ತಾರೀಖು ನೋಡಿಕೋತ ಹೋದ, ಬೆರಳು ನಿಲ್ಲಿಸಿದ.
"ನಡುನಡುವೆ ಕೆಲವು ದಿನಗಳು ಇಲ್ಲವಲ್ಲಮ್ಮ,
ಆಗ ವ್ಯಾಪಾರ ಇರಲಿಲ್ಲವೇ?"

ಆ ದಿನಗಳು ನನಗ ಗೊತ್ತು.
"ಪುಸ್ತಕ ಮುಗದೈತಿ ಖಾಸೀಂಬಿ, ನಾಳೆ ಕೊಡತೀನಿ"
ಅಂದ ದಿನಗಳು.
ಐದು ರೂಪಾಯಿ ನನ್ನ ಕಿಸೇದಾಗ
ಅರ್ಧ ಚಹಾ ಆದ ದಿನಗಳು, ಒಂದು ಮಿರ್ಚಿ,
ಮಗನ ಪೆನ್ಸಿಲ್ಲು.
ಅಕಿ ಕುಂತಿದ್ಲು.
ಕಾಗದದ ಮ್ಯಾಲಿಂದ ಎಬ್ಬಿಸಿದಾವ ನಾನು.

ಖಾಸೀಂಬಿ ನನ್ನ ನೋಡಿದ್ಲು. ಭಾಳ ಹೊತ್ತಲ್ಲ.
"ಜಡ್ಡಾಗಿದ್ದೆ ಸಾಹೇಬ್ರ" ಅಂದ್ಲು.

ನಾನು ಬಾಯಿ ಬಿಡಲಿಲ್ಲ.
ಒಳಗ ಹೋಗಿ ನಗರಸಭೆಯ ಕಾಗದದ ಮ್ಯಾಲೆ ಬರದೆ:
"ಸದರಿಯವರು ಹನ್ನೊಂದು ವರ್ಷ ಒಂದು ದಿನವೂ ತಪ್ಪದೆ
ಇದೇ ಜಾಗದಲ್ಲಿ ವ್ಯಾಪಾರ ಮಾಡಿರುತ್ತಾರೆ."
ಮಗಳ ಹೆರಿಗಿಯ ದಿನಗಳನ್ನೂ ಸೇರಿಸಿ ಬರದೆ.
ಬಡ್ಡಿ ಅಂದ್ರ ಅದೇ ಇರಬೇಕು.
ಮುಖ್ಯಾಧಿಕಾರಿ ಓದದ ಸಹಿ ಮಾಡಿದ್ರು.

ಹತ್ತು ಸಾವಿರ ಬಂತು.
ಈಗ ಕಂತು ಎಂಟುನೂರಾ ಎಂಬತ್ತೊಂಬತ್ತು,
ಹೆಚ್ಚುಕಮ್ಮಿ ಆ ಬುಲೆಟ್ಟಿನ ಒಂಬೈನೂರು,
ಆದ್ರ ತಿಂಗಳಿಗೊಮ್ಮೆ.

ಬುಲೆಟ್ಟು ಇನ್ನೂ ಬರತೈತಿ.
ಪಕ್ಕದ ನಿಂಬಿಹಣ್ಣಿನಾಕಿ ಮುಂದ ನಿಲ್ಲತೈತಿ,
ಅಕಿ ಪಾವತಿ ಎಲ್ಲಾ ಗಟಾರಕ್ಕ ಒಗದಾಳ.
ಖಾಸೀಂಬಿ ಅಕಿಗೆ ಒಂದು ಕಡ್ಡಿ ಕೊಟ್ಟಾಳ,
ಖಾಲೀದು.

ನಾ ಹೋದ್ರ ಇಬ್ಬರೂ ಈಗ
ಐದು ರೂಪಾಯಿ ಮುಷ್ಟ್ಯಾಗ ಹಿಡಿದಿರತಾರ.
ಮೊದಲು ಹರಿ ಅಂತಾರ.
ಹರೀತೀನಿ.