ಚೌಕಾಸಿ

ಹಾಸಿಗೆ ಅಂಗಡಿಯ ಮೇಲೆ, ಹನ್ನೊಂದು ಮೆಟ್ಟಿಲು ಹತ್ತಿದರೆ
ನಮ್ಮ ಆಫೀಸು. ದೊರ್ಕಾಸ್ ಅವಿನೊ, ಅಡ್ವೊಕೇಟ್ –
ಬೋರ್ಡು ಬರೆದವನು ಜಾಗ ಸಾಲದೆ
ಕೊನೆಯ ಅಕ್ಷರವನ್ನು ಗೋಡೆಯ ಮೇಲೆ ಬರೆದಿದ್ದಾನೆ.
ನಾನು ಗುಮಾಸ್ತ. ಹತ್ತೊಂಬತ್ತು ವರ್ಷದಿಂದ
ಫೈಲಿಗೆ ದಾರ ಕಟ್ಟುತ್ತೇನೆ, ಬಿಚ್ಚುತ್ತೇನೆ,
ಚಹಾಕ್ಕೆ ಹಾಲು ಬೆರೆಸುತ್ತೇನೆ,
ಕೇಳಿದ್ದನ್ನು ಕೇಳಿಲ್ಲ.

ಕೆಳಗೆ, ಮೆಟ್ಟಿಲ ಬುಡದಲ್ಲಿ, ಗೋಣಿ ಹಾಸಿಕೊಂಡು
ರಿಸ್ಪಾ ಒಣಮೀನು ಮಾರುತ್ತಾಳೆ.
ಬೆರಳುದ್ದದ ಬೆಳ್ಳಿ ಒಮೇನಾ, ತುಕ್ಕು ಹಿಡಿದ ಡಬ್ಬಿಯ ಅಳತೆ.
ಕಿಸುಮುವಿನ ಸರೋವರ ಅವಳಿಗೆ ಅನ್ನ ಕೊಡುತ್ತಿತ್ತು,
ದೋಣಿಯ ಹಿಂದಿನ ಮೋಟಾರು
ಒಂದು ರಾತ್ರಿ ಕಾಣೆಯಾಗುವ ತನಕ.

ಪೊಲೀಸರು ಹಿಡಿದದ್ದು ಓಬುರಾನನ್ನು.
ಜಾಮೀನು ಸಿಕ್ಕ ಓಬುರಾ ಹತ್ತಿದ್ದು ನಮ್ಮ ಮೆಟ್ಟಿಲನ್ನು.
ಕದ ಮುಚ್ಚಿ, ಫ್ಯಾನು ಹಾಕಿಸಿ, ಅವನು ಹೇಳಿದ್ದು ಒಂದೇ ಮಾತು.
ಗೋಡೆ ತೆಳು. ಫ್ಯಾನು ಹಳೆಯದು.
ಅವಿನೊ ಪೆನ್ನಿಗೆ ಮುಚ್ಚಳ ಹಾಕಿದ ಸದ್ದೂ ನನಗೆ ಕೇಳಿತು.
ಹೊರಗೆ ಬಂದು ಚಹಾ ಕೇಳಿದರು,
ಕುಡಿಯಲಿಲ್ಲ.

ಕೋರ್ಟಿನಲ್ಲಿ ಅವರು ಒಂದೂ ಸುಳ್ಳು ಹೇಳಲಿಲ್ಲ.
ಇವನು ಕದ್ದಿಲ್ಲ ಎನ್ನಲೇ ಇಲ್ಲ.
ಇನ್ಸ್‌ಪೆಕ್ಟರಿಗೆ ಅಂದರು: ಮೋಟಾರಿನ ನಂಬರು ಓದಿ.
ಈಗ ಜಪ್ತಿ ಪಟ್ಟಿಯ ನಂಬರು ಓದಿ.
ಒಂದರಲ್ಲಿ ಏಳು, ಇನ್ನೊಂದರಲ್ಲಿ ಒಂದು.
ಸಾಕ್ಷಿಯ ಸಹಿ ಎಲ್ಲಿ? ಈ ಹಾಳೆ ಬರೆದದ್ದು ಯಾವ ದಿನ?
ಇನ್ಸ್‌ಪೆಕ್ಟರು ಬೆವರಿದ, ಓಬುರಾ ಮನೆಗೆ ಹೋದ.
ಕೊಳೆ ಕಾಣಬಾರದು ಅಂತಲೇ ಕೋಟು ಕಪ್ಪು,
ಅಂದರು ಯಾರೋ ಜಗಲಿಯಲ್ಲಿ, ಕೇಳುವ ಹಾಗೆ.
ದಾರಿಯಲ್ಲಿ ಅವಿನೊ ನನಗೆ ಹೇಳಿದರು:
ಏಳನ್ನು ಒಂದು ಎಂದು ಬರೆಯುವವನು
ನಾಳೆ ನಿನ್ನ ಹೆಸರನ್ನು ಕಳ್ಳನ ಜಾಗದಲ್ಲಿ ಬರೆದಾನು.
ನಿಜ. ಆದರೂ ಆ ಸಂಜೆ
ಕೋರ್ಟಿನಿಂದ ಆಫೀಸು ಬಹಳ ದೂರವಿತ್ತು.

ಈಗ ಫೋನು ಒತ್ತಿದರೆ ಕಾನೂನು ಸಿಗುತ್ತದೆ,
ಅರ್ಜಿ ತಾನೇ ಬರೆದುಕೊಳ್ಳುತ್ತದೆ, ನನಗಿಂತ ಅಚ್ಚುಕಟ್ಟಾಗಿ.
ಆದರೂ ಜನ ಮೆಟ್ಟಿಲು ಹತ್ತುತ್ತಾರೆ.
ಹೊರಲಾರದ ಮಾತೊಂದನ್ನು
ಎಲ್ಲಾದರೂ ಇಳಿಸಿ ಹೋಗಬೇಕಲ್ಲ.

ಮೂರು ತಿಂಗಳಿಗೆ ರಿಸ್ಪಾ ಹತ್ತಿ ಬಂದಳು,
ಮಂಡಿ ಹಿಡಿದು, ಎರಡು ಸಲ ನಿಂತು.
ಸಿವಿಲ್ ದಾವೆ ಹಾಕಬಹುದಂತೆ, ಓಬುರಾನ ಮೇಲೆ.
ಅವತ್ತು ನೀನು ಕೇಳಿದೆಯಲ್ಲ, ಹಾಗೆ ಕೇಳುವವರು
ನನ್ನ ಕಡೆಗೂ ಒಬ್ಬರು ಬೇಕು. ನೀನೇ ಬೇಕು.

ನನ್ನಿಂದ ಆಗದು, ಅಂದರು ಅವಿನೊ.
ರಿಸ್ಪಾ ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು.
ಇಷ್ಟು ಸಾಲದೆ?
ಅದಲ್ಲ.
ಮತ್ತೆ?
ಫ್ಯಾನು ತಿರುಗಿತು.
ಬಂದರಿನ ಬಳಿಯ ವಕೀಲ ಚಿಲೋನ ಹೆಸರು ಬರೆದು
ಚೀಟಿಯನ್ನು ದುಡ್ಡಿನ ಪಕ್ಕ ಇಟ್ಟರು: ಒಳ್ಳೆಯವನು,
ನಂಬರುಗಳನ್ನು ಎರಡು ಸಲ ಓದುತ್ತಾನೆ.
ರಿಸ್ಪಾ ಎರಡನ್ನೂ ಒಂದೇ ಗಂಟಿಗೆ ಕಟ್ಟಿಕೊಂಡು ಇಳಿದಳು.
ಬಡವಳೆಂದು ಕಳಿಸಿದರು ಎಂದುಕೊಂಡಳು.
ಎಂದುಕೊಳ್ಳಲಿ ಎಂದು ಬಿಟ್ಟರು.

ಅಂದಿನಿಂದ ಅವಿನೊ ಮೀನಿಗೆ ಚೌಕಾಸಿ ಬಿಟ್ಟರು.
ಹೇಳಿದಷ್ಟು ಕೊಟ್ಟು, ಚಿಲ್ಲರೆಗೆ ನಿಲ್ಲದೆ ಹತ್ತಿ ಬರುವರು.
ನಾಲ್ಕನೆಯ ದಿನ ರಿಸ್ಪಾ ಡಬ್ಬಿಯನ್ನು ಕೈಯಲ್ಲೇ ಹಿಡಿದು
ಮುಖ ನೋಡಿ ಅಂದಳು:
ಬೆಲೆ ಕೇಳದೆ ಕೊಳ್ಳುವವರು
ಏನೋ ಬಾಕಿ ಇಟ್ಟಿರುತ್ತಾರೆ.

ಮರುದಿನ ಅವಿನೊ ಐದು ಶಿಲಿಂಗಿಗಾಗಿ ಜಗಳಾಡಿದರು.
ಮೀನು ಹಳತು ಅಂದರು, ಡಬ್ಬಿಯ ತಳ ತಗ್ಗಿದೆ ಅಂದರು,
ಬಿಸಿಲಲ್ಲಿ ಹತ್ತು ನಿಮಿಷ, ಬೀದಿ ನೋಡುವಂತೆ.
ರಿಸ್ಪಾ ಬೈದಳು, ನಕ್ಕಳು, ಎರಡು ಶಿಲಿಂಗು ಬಿಟ್ಟಳು.
ಮೇಲೆ ಬಂದ ಅವಿನೊ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು
ಕೈ ತೊಳೆಯಲು ಹೋದರು.
ನೀರು ಬಹಳ ಹೊತ್ತು ಬೀಳುತ್ತಿತ್ತು.

ಮನೆಯಲ್ಲಿ ಹೆಂಡತಿ ಕೇಳಿದಳು,
ಯಾಕೆ ಮೀನು ಮುಟ್ಟುತ್ತಿಲ್ಲ ಈಚೆಗೆ?
ಡಾಕ್ಟರು ಬೇಡವೆಂದಿದ್ದಾರೆ,
ಅಂದೆ.